ಹಳೆಯ ಗಣಕದ ಪರದೆಯ ದೋಷಪರೀಕ್ಷೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸದ ಪಾಠ)



ಈ ಸಲದ ವಾರ್ಷಿಕೋತ್ಸವದಲ್ಲಿ ನಾನೊಂದು ಉಪನ್ಯಾಸ ಮಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ನಾಲ್ಕು ಮಾತು ಹೇಳುವೆನೆಂದೇ ಅವರು ಎಣಿಸಿದ್ದಿರಬೇಕು. ಹಳೆಯ ಗಣಕಯಂತ್ರದ ಪರದೆ ಕೆಟ್ಟಾಗ ಅದರ ಕಾರಣವನ್ನು ಅರಸುವ ಬಗೆ ಎಂದು ನಾನು ವಿಷಯವನ್ನು ಬರೆದುಕೊಟ್ಟೆ. ಅವರು ಚೀಟಿಯನ್ನು ಎರಡು ಸಲ ಓದಿ, “ವಿದ್ವಾನರೇ, ಇದು ವಿಜ್ಞಾನದ ಮೇಷ್ಟ್ರ ಪಾಲಿನದಲ್ಲವೇ?” ಎಂದರು. ಅಲ್ಲವೆಂದು ನನ್ನ ಅಭಿಪ್ರಾಯ. ಏಕೆ ಅಲ್ಲವೆಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಸೀಮೆಯ ಸ್ಥಿತಿ ತಮಗೆ ತಿಳಿಯದ್ದಲ್ಲ. ೧೯೫೩ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು ಆಂಧ್ರದ ಪಾಲಿಗೆ ಬಂದಿತು. ಮಡಕಶಿರಾ ಸೀಮೆಯು ೨೦೨೨ರಲ್ಲಿ ಅನಂತಪುರದಿಂದ ಬೇರೆಯಾಗಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಗಳು ಬದಲಾದವು, ಅಮರಾಪುರ, ರೊಳ್ಳ, ಅಗಳಿಗಳ ಮನೆಗಳಲ್ಲಿ ಆಡುವ ಮಾತು ಬದಲಾಗಲಿಲ್ಲ. ಆದರೆ ಈ ಮಾತಿನಲ್ಲಿ ಓದುವ ಮಕ್ಕಳ ಮನಸ್ಸಿನಲ್ಲಿ ಒಂದು ಅಂಜಿಕೆ ಹೊಕ್ಕಿದೆ. ಕನ್ನಡವು ಪದ್ಯಕ್ಕೆ, ಪ್ರಬಂಧಕ್ಕೆ, ಹಬ್ಬದ ಭಾಷಣಕ್ಕೆ ಸರಿ. ಯಂತ್ರದ ಮುಂದೆ ಕುಳಿತರೆ ಅದು ಕೈಕೊಡುತ್ತದೆ ಎಂಬುದೇ ಆ ಅಂಜಿಕೆ. ಇದನ್ನು ಹೋಗಲಾಡಿಸಲು ಭಾಷಾಭಿಮಾನದ ಮಾತುಗಳು ಸಾಲವು. ಕೆಟ್ಟ ಯಂತ್ರವೊಂದನ್ನು ಮುಂದಿಟ್ಟುಕೊಂಡು, ಕನ್ನಡದಲ್ಲಿಯೇ ಪ್ರಶ್ನೆ ಕೇಳಿ, ಕನ್ನಡದಲ್ಲಿಯೇ ಉತ್ತರ ಹುಡುಕಿ, ಅದನ್ನು ನಡೆಯಿಸಿ ತೋರಿಸಬೇಕು. ಕಳೆದ ವರ್ಷ ನಮ್ಮ ಪಾಲಿಗೆ ಅಂಥದೊಂದು ಯಂತ್ರವು ತಾನಾಗಿಯೇ ಬಂದಿತು.

ಅದರ ಹೆಸರು ಬಿ.ಬಿ.ಸಿ. ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯವರು ಅಲ್ಲಿನ ಪ್ರಸಾರ ಸಂಸ್ಥೆಯ ಶಿಕ್ಷಣ ಕಾರ್ಯಕ್ರಮಕ್ಕಾಗಿ ೧೯೮೧ರಲ್ಲಿ ಅದನ್ನು ಹೊರತಂದರು. ನಮ್ಮ ದೇಶದಲ್ಲಿ ಕೇಂದ್ರದ ಶಿಕ್ಷಣ ಮಂತ್ರಾಲಯವೂ ವಿದ್ಯುನ್ಮಾನ ಇಲಾಖೆಯೂ ಕೂಡಿ ೧೯೮೪-೮೫ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿದಾಗ ಶಾಲೆಗಳಿಗೆ ಹಂಚಿದ್ದು ಈ ಯಂತ್ರವನ್ನೇ. ಮೊದಲು ಇನ್ನೂರೈವತ್ತು ಶಾಲೆಗಳು. ಬರಬರುತ್ತ ಸುಮಾರು ಎರಡೂವರೆ ಸಾವಿರ ಶಾಲೆಗಳು. ಪಂಜಾಬಿನ ಮೊಹಾಲಿಯಲ್ಲಿದ್ದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರಕಾರಿ ಸಂಸ್ಥೆಯು ಪರವಾನಗಿ ಪಡೆದು ಇದನ್ನೇ ‘ಯೂನಿಕಾರ್ನ್’ ಎಂಬ ಹೆಸರಿನಿಂದ ಹೊರತಂದಿತು. ಇದರ ನೆನಪಿನ ಸಾಮರ್ಥ್ಯ ಮೂವತ್ತೆರಡು ಕಿಲೋಬೈಟು. ಈ ಸಭೆಯಲ್ಲಿ ಕುಳಿತವರ ಜೇಬಿನಲ್ಲಿರುವ ಫೋನಿನ ಒಂದು ಭಾವಚಿತ್ರಕ್ಕೂ ಅದರಲ್ಲಿ ಎಡೆಯಿಲ್ಲ. ಆದರೆ ಅದಕ್ಕೊಂದು ಗುಣವುಂಟು. ಮೇಲಿನ ಮುಚ್ಚಳವನ್ನು ತೆಗೆದರೆ ಒಳಗಿನದೆಲ್ಲವೂ ಕಣ್ಣಿಗೆ ಕಾಣುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಐ.ಸಿ. ಇದ್ದು, ಇದು ಯಾರ ಕೆಲಸವೆಂದು ಬೊಟ್ಟುಮಾಡಿ ತೋರಿಸಬಹುದು. ಇಂದಿನ ಫೋನಿನಲ್ಲಿ ಅದು ಆಗದು. ಕಲಿಯುವವರಿಗೆ ಹಳೆಯ ಯಂತ್ರವೇ ಮೇಲು ಎಂದು ನಾನು ಹೇಳುವುದು ಈ ಕಾರಣದಿಂದ, ಹಳತೆಂಬ ಮೋಹದಿಂದಲ್ಲ.

ನಮ್ಮ ಸಂಘದ ಹಿತೈಷಿಗಳೊಬ್ಬರು ಬೆಂಗಳೂರಿನಿಂದ ಇದನ್ನೂ ಇದರ ಜೊತೆಗಿದ್ದ ಹಸುರು ಅಕ್ಷರದ ಮಾನಿಟರನ್ನೂ ತಂದು ನಮ್ಮ ಪ್ರೌಢಶಾಲೆಗೆ ಕೊಟ್ಟರು. ಹಚ್ಚಿದೆವು. ಪರದೆಯೆಲ್ಲ ಕಪ್ಪು, ಒಂದು ಮೂಲೆಯಲ್ಲಿ ಪುಟ್ಟ ಗೆರೆಯೊಂದು ಮಿಣುಕುತ್ತಿತ್ತು, ಅಷ್ಟೆ. ರಿಪೇರಿ ಬಲ್ಲವರೊಬ್ಬರನ್ನು ಕರೆತಂದೆವು. ಅವರು ನಿಂತಲ್ಲಿಂದಲೇ ನೋಡಿ, “ಪಿಕ್ಚರ್ ಟ್ಯೂಬು ಹೋಗಿದೆ, ಈಗ ಸಿಗೋದಿಲ್ಲ, ಗುಜರಿಗೆ ಹಾಕಿ” ಎಂದುಬಿಟ್ಟರು. ತೂಕದ ಲೆಕ್ಕದಲ್ಲಿ ಎಷ್ಟು ಬಂದೀತೆಂದು ಶಾಲೆಯಲ್ಲಿ ಮಾತೂ ನಡೆಯಿತು. ಆಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಜೀನ್ಸ್ ಹೊಲಿಯುವವರ ಮನೆಯ ಮಗು, ಮೆಲ್ಲನೆ ಕೇಳಿದಳು: “ಸಾರ್, ಟ್ಯೂಬು ಹೋಗಿದ್ರೆ ಆ ಗೆರೆ ಹೆಂಗೆ ಕಾಣ್ತೈತೆ?”

ಈ ಪ್ರಶ್ನೆಯ ಬೆಲೆಯನ್ನು ತಾವು ಮನಗಾಣಬೇಕು. ಕಾರಣವಿಲ್ಲದೆ ಕಾರ್ಯವಿಲ್ಲ. ಗೆರೆ ಕಾಣುತ್ತಿದ್ದರೆ ಗೆರೆಯನ್ನು ಕಾಣಿಸುವುದೆಲ್ಲವೂ ಸರಿಯಿದೆ ಎಂದಾಯಿತು. ಹಾಗಾದರೆ ಅಕ್ಷರಗಳಿಗೆ ಮಾತ್ರ ಬಂದ ವಿಘ್ನ ಯಾವುದು? ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವುಂಟು. ಇದು ಇದ್ದರೆ ಅದು ಇದೆಯೇ, ಇದು ಇಲ್ಲದಿದ್ದರೆ ಅದೂ ಇಲ್ಲವೇ ಎಂದು ಒಂದೊಂದನ್ನಾಗಿ ನೋಡಿ ಕಾರಣವನ್ನು ನಿಶ್ಚಯಿಸುವುದು. ಯಂತ್ರ ರಿಪೇರಿಯ ಮೂಲವೂ ಅದೇ. ಮಾನಿಟರು ಕೆಟ್ಟಿದೆಯೆಂಬ ಸಂದೇಹವೇ? ಅದನ್ನು ತೆಗೆದು, ಸರಿಯಿರುವುದೆಂದು ಗೊತ್ತಿರುವ ಬೇರೊಂದನ್ನು ಹಚ್ಚಿ ನೋಡು. ನಾವು ಹಳದಿ ವಿಡಿಯೋ ಸಾಕೆಟ್ಟು ಇರುವ ಹಳೆಯ ಟಿ.ವಿ.ಯೊಂದನ್ನು ತಂದು ಹಚ್ಚಿದೆವು. ಅಲ್ಲಿಯೂ ಅದೇ ಕಪ್ಪು ಪರದೆ, ಅದೇ ಮೂಲೆಯ ಗೆರೆ. ಮಾನಿಟರು ನಿರ್ದೋಷಿಯೆಂದು ಐದು ನಿಮಿಷದಲ್ಲಿ ತೀರ್ಮಾನವಾಯಿತು.

ಹೀಗೆ ಬದಲಿಸಿ ನೋಡುವಾಗ ಮೋಸಹೋಗುವ ಎಡೆಗಳು ಎರಡಿವೆ. ಈ ಯಂತ್ರದ ಹಿಂಬದಿಯಲ್ಲಿ ಚಿತ್ರ ಹೊರಡುವ ಬಾಗಿಲು ಮೂರು. ಒಂದು ಟಿ.ವಿ.ಯ ಏರಿಯಲ್ಲಿಗೆ ಹಚ್ಚುವುದು, ಅದು ಯು.ಎಚ್.ಎಫ್. ಮೂವತ್ತಾರನೆಯ ಚಾನೆಲ್ಲಿನಲ್ಲಿ ಬರುತ್ತದಾದ್ದರಿಂದ ವಿ.ಎಚ್.ಎಫ್. ಮಾತ್ರ ಹಿಡಿಯುವ ಹಳೆಯ ಟಿ.ವಿ.ಗಳಲ್ಲಿ ಎಷ್ಟು ತಿರುಗಿಸಿದರೂ ಸಿಗದು. ಇನ್ನೊಂದು ವಿಡಿಯೋ ಬಾಗಿಲು. ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ಇದರಲ್ಲಿ ಕಪ್ಪುಬಿಳುಪು ಮಾತ್ರ ಬರುತ್ತದೆ, ಬಣ್ಣ ಬರಲಿಲ್ಲವೆಂದು ಕೊರಗಬೇಕಾದುದಿಲ್ಲ. ಮೂರನೆಯದು ಕೆಂಪು, ಹಸುರು, ನೀಲಿಗಳನ್ನು ಬೇರೆಬೇರೆ ತಂತಿಯಲ್ಲಿ ಕಳುಹಿಸುವುದು. ಇಲ್ಲಿ ಒಂದು ಬಣ್ಣ ಮಾತ್ರ ಕಾಣದಿದ್ದರೆ ಮೊದಲು ಆ ಬಣ್ಣದ ತಂತಿಯನ್ನೂ ಪಿನ್ನನ್ನೂ ನೋಡಬೇಕು. ಲೂಸ್ ಕಾಂಟ್ಯಾಕ್ಟ್ ಎಂಬ ಮಾತು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ‘ಶಿಥಿಲಸಂಪರ್ಕ’ ಎಂದು ನಾನು ಹೊಸ ಹೆಸರಿಡಲು ಹೋಗುವುದಿಲ್ಲ.

ಇನ್ನು ಯಂತ್ರದ ಕಡೆಗೆ ಬರೋಣ. ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ ಕೊಡಬೇಕಾದ ಸಂದರ್ಭವಿದು. ಈ ಗಣಕವನ್ನು ಹಚ್ಚಿದೊಡನೆ ಅದು ಎರಡು ದನಿ ಮಾಡುತ್ತದೆ: ಮೊದಲು ದೀರ್ಘವಾದ ತಗ್ಗು ದನಿ, ತರುವಾಯ ಹ್ರಸ್ವವಾದ ಏರುದನಿ. ಛಂದಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಗುರು, ಒಂದು ಲಘು. ಇದರ ಮರ್ಮವು ಸ್ವಾರಸ್ಯವಾಗಿದೆ. ಗುರುವು ಯಾರೂ ಹೇಳದೆಯೇ ಬರುವ ದನಿ. ವಿದ್ಯುತ್ತು ತಾಕಿದೊಡನೆ ದನಿಯ ಐ.ಸಿ.ಯು ತಾನಾಗಿಯೇ ಕೂಗತೊಡಗುತ್ತದೆ. ಗಣಕದ ಬುದ್ಧಿಯು ಎಚ್ಚೆತ್ತು ತನ್ನ ಕೆಲಸಗಳನ್ನು ಒಂದೊಂದಾಗಿ ಆರಂಭಿಸಿ, ‘ಸುಮ್ಮನಿರು’ ಎಂದು ಅದನ್ನು ಅಡಗಿಸಿ, ಬಳಿಕ ತಾನೇ ಹುಡುಕಿಕೊಂಡಂತೆ ಲಘುವನ್ನು ನುಡಿಸುತ್ತದೆ. ಆದುದರಿಂದ ಗುರು-ಲಘುಗಳೆರಡೂ ಕೇಳಿಸಿದರೆ ಗಣಕವು ಎಚ್ಚೆತ್ತಿದೆ, ತೊಡಕು ಚಿತ್ರದ ದಾರಿಯಲ್ಲಿದೆ. ಗುರುವೊಂದೇ ನಿಲ್ಲದೆ ಕೂಗುತ್ತಿದ್ದರೆ ಬುದ್ಧಿಯೇ ಎಚ್ಚೆತ್ತಿಲ್ಲ. ಅಂಥಲ್ಲಿ ಪರದೆಯನ್ನು ತಟ್ಟುತ್ತ ಕುಳಿತರೆ ಪ್ರಯೋಜನವಿಲ್ಲ. ಎರಡೂ ಇಲ್ಲದೆ ಮೌನವಾಗಿದ್ದರೆ ವಿದ್ಯುತ್ತು ಒಳಗೆ ತಲಪಿದೆಯೇ ಎಂದು ಫ್ಯೂಸನ್ನೂ ಪ್ಲಗ್ಗನ್ನೂ ನೋಡಬೇಕು. ಕಿವಿ ಮಂದವಾದವರಿಗೆ ಇನ್ನೊಂದು ಗುರುತುಂಟು. ‘ಕ್ಯಾಪ್ಸ್ ಲಾಕ್’ ಎಂಬ ಗುಂಡಿಯನ್ನು ಒತ್ತಿದಾಗಲೆಲ್ಲ ಅದರ ಕೆಂಪು ದೀಪವು ಒಮ್ಮೆ ಹತ್ತಿ ಒಮ್ಮೆ ಆರಿದರೆ ಗಣಕವು ನಮ್ಮ ಮಾತನ್ನು ಕೇಳುತ್ತಿದೆಯೆಂದೇ ಅರ್ಥ.

ನಮ್ಮ ಯಂತ್ರವು ಗುರು-ಲಘುಗಳನ್ನು ಸ್ಪಷ್ಟವಾಗಿ ನುಡಿಯಿತು. ಮಾನಿಟರು ಸರಿ, ಬುದ್ಧಿ ಸರಿ. ನಡುವಿನ ದಾರಿಯಷ್ಟೇ ಉಳಿಯಿತು. ಅದನ್ನು ತಿಳಿಯುವುದಕ್ಕೆ ಮುನ್ನ ಪರದೆಯ ಮೇಲೆ ಚಿತ್ರ ಮೂಡುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬೇಕು.

ಕಡಲೆಕಾಯಿ ಬಿತ್ತುವ ಕೂರಿಗೆಯನ್ನು ತಾವೆಲ್ಲರೂ ನೋಡಿದ್ದೀರಿ. ಹೊಲದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಲು ಬಿತ್ತಿಕೊಂಡು ಹೋಗಿ, ಕೂರಿಗೆಯನ್ನೆತ್ತಿ ಬರಿದಾಗಿ ಹಿಂದಿರುಗಿ, ಮತ್ತೆ ಅದೇ ಬದಿಯಿಂದ ಕೆಳಗಿನ ಸಾಲನ್ನು ಹಿಡಿದರೆ ಹೇಗೋ, ಟ್ಯೂಬಿನೊಳಗೆ ಎಲೆಕ್ಟ್ರಾನುಗಳ ಧಾರೆಯೊಂದು ಹಾಗೆ ಗಾಜಿನ ಒಳಮೈಯನ್ನು ಬಿತ್ತುತ್ತ ಬರುತ್ತದೆ. ಒಂದು ಸೆಕೆಂಡಿನಲ್ಲಿ ೧೫,೬೨೫ ಸಾಲು. ಮೇಲಿನಿಂದ ಕೆಳಗಿನವರೆಗೆ ಇಡೀ ಹೊಲವನ್ನು ಸೆಕೆಂಡಿಗೆ ಐವತ್ತು ಸಲ. ನಮ್ಮ ಹಳೆಯ ದೂರದರ್ಶನದ ಲೆಕ್ಕವೂ ಇದೇ ಆಗಿದ್ದಿತು. ಆದ್ದರಿಂದಲೇ ಮನೆಯ ಟಿ.ವಿ.ಯನ್ನು ಈ ಗಣಕಕ್ಕೆ ಹಚ್ಚಲು ಬರುತ್ತದೆ.

ಈ ಕೂರಿಗೆಯ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾನಿಟರಿನದೇ ಆದ ದೋಷಗಳನ್ನು ಮಕ್ಕಳೂ ಓದಬಲ್ಲರು. ಪರದೆಯ ನಡುವೆ ಅಡ್ಡಲಾಗಿ ಒಂದೇ ಒಂದು ಪ್ರಖರವಾದ ಗೆರೆ ನಿಂತಿದೆಯೆನ್ನಿ. ಧಾರೆಯು ಸಾಲಿನಿಂದ ಸಾಲಿಗೆ ಇಳಿಯುವುದನ್ನು ಮರೆತು ಒಂದೇ ಸಾಲಿನಲ್ಲಿ ಓಡುತ್ತಿದೆ, ಕೆಳಗಿಳಿಸುವ ಭಾಗವು ಕೆಟ್ಟಿದೆ. ಅಂಥದನ್ನು ಕೂಡಲೇ ಆರಿಸಬೇಕು. ಇಲ್ಲವಾದರೆ ಆ ಒಂದು ಸಾಲಿನಲ್ಲಿ ಗಾಜಿನ ಲೇಪವು ಸುಟ್ಟು ಹೋಗುತ್ತದೆ. ಚಿತ್ರವು ಸಿನಿಮಾದ ರೀಲಿನಂತೆ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಹೊಲದ ತುದಿ ಎಲ್ಲಿಯೆಂಬ ಸೂಚನೆ ಧಾರೆಗೆ ಸಿಗುತ್ತಿಲ್ಲ. ಓರೆ ಓರೆಯಾಗಿ ಹರಿದು ಹೋಗುತ್ತಿದ್ದರೆ ಸಾಲಿನ ತುದಿಯ ಸೂಚನೆ ಸಿಗುತ್ತಿಲ್ಲ. ಮಾನಿಟರಿನ ಹಿಂದೆ ಇದಕ್ಕೆಂದೇ ತಿರುಗಿಸುವ ಗುಬ್ಬಿಗಳಿರುತ್ತವೆ. ತಿರುಗಿಸಿದಾಗ ನಿಂತರೆ ಸರಿ, ನಿಲ್ಲದಿದ್ದರೆ ಸೂಚನೆಯನ್ನು ಕಳುಹಿಸಬೇಕಾದ ಗಣಕವನ್ನು ಕೇಳಬೇಕು. ಚಿತ್ರವು ನಾಲ್ಕೂ ಕಡೆಯಿಂದ ಕುಗ್ಗಿ ಕುಣಿಯುತ್ತಿದ್ದರೆ, ಇಲ್ಲವೇ ಮಸುಕಾದ ಪಟ್ಟೆಯೊಂದು ಮೆಲ್ಲಗೆ ಮೇಲೇರುತ್ತಿದ್ದರೆ, ಮುಪ್ಪಾದ ಕಂಡೆನ್ಸರುಗಳನ್ನು ಸಂದೇಹಿಸಬೇಕು. ಬಣ್ಣದ ಪರದೆಯ ಒಂದು ಮೂಲೆಯಲ್ಲಿ ಮಾತ್ರ ಕಲೆ ನಿಂತಿದ್ದರೆ ಪಕ್ಕದಲ್ಲಿ ಧ್ವನಿವರ್ಧಕದ ಅಯಸ್ಕಾಂತವಿದೆಯೇ ನೋಡಬೇಕು. ಇವಲ್ಲದೆ ಚಿತ್ರವೆಲ್ಲ ಸ್ಥಿರವಾಗಿದ್ದು ಸಣ್ಣದಾಗಿ ನಡುಗುವುದುಂಟು. ಅದು ರೋಗವಲ್ಲ, ಎರಡು ಬೆಸ-ಸಮ ಸಾಲುಗಳನ್ನು ಸರದಿಯಿಂದ ಬಿತ್ತುವ ಪದ್ಧತಿಯ ಫಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳುತ್ತೇನೆ. ಹಿಂದಿನ ಸಾಲಿನಲ್ಲಿ ಕುಳಿತ ಹುಡುಗರು ವಿಶೇಷವಾಗಿ ಕೇಳಬೇಕು. ಮಾನಿಟರಿನ ಹಿಂಬದಿಯ ಮುಚ್ಚಳವನ್ನು ಬಿಚ್ಚಕೂಡದು. ಟ್ಯೂಬಿಗೆ ಊಡುವ ವಿದ್ಯುತ್ತು ಹತ್ತು ಸಾವಿರ ವೋಲ್ಟಿನಿಂದ ಇಪ್ಪತ್ತೈದು ಸಾವಿರ ವೋಲ್ಟಿನವರೆಗೆ ಇರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಆ ಗಾಜಿನ ಬುರುಡೆ ಅದನ್ನು ಬಹುಕಾಲ ಹಿಡಿದಿಟ್ಟುಕೊಂಡಿರುವುದುಂಟು. ಗಣಕದೊಳಗಿರುವ ಪವರ್ ಸಪ್ಲೈ ಎಂಬ ಲೋಹದ ಡಬ್ಬಿಯೂ ಹಾಗೆಯೇ. ಅದರಲ್ಲಿ ಮುನ್ನೂರು ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು. ಇವೆರಡೂ ಬಲ್ಲವರ ಕೆಲಸ. ಮಕ್ಕಳು ಮುಟ್ಟಬಹುದಾದುದು ಗಣಕದ ಐದು ವೋಲ್ಟಿನ ಹಲಗೆ ಮಾತ್ರ. ಅದನ್ನೂ ಪ್ಲಗ್ಗು ಕಿತ್ತ ಮೇಲೆ, ದೊಡ್ಡವರ ಸಮ್ಮುಖದಲ್ಲಿ. ಯಂತ್ರ ಹೋದರೆ ಇನ್ನೊಂದು ಸಿಕ್ಕೀತು.

ಆ ಡಬ್ಬಿಯ ವಿಷಯ ಬಂದುದರಿಂದ ಇನ್ನೊಂದು ಮಾತು. ಹೊಗೆಯಿದ್ದಲ್ಲಿ ಬೆಂಕಿಯೆಂದು ತಾರ್ಕಿಕರು ಹೇಳುತ್ತಾರಷ್ಟೆ. ಈ ಯಂತ್ರದ ಪವರ್ ಸಪ್ಲೈಯಲ್ಲಿ ಹಳದಿ ಬಣ್ಣದ, ಅರೆಪಾರದರ್ಶಕವಾದ ಹೊದಿಕೆಯ ಕಂಡೆನ್ಸರುಗಳಿವೆ. ನಾಲ್ವತ್ತು ವರ್ಷಗಳಲ್ಲಿ ಆ ಹೊದಿಕೆ ಬಿರುಕು ಬಿಟ್ಟು ಒಳಗೆ ತೇವ ಸೇರಿ, ಹಚ್ಚಿದ ಸ್ವಲ್ಪ ಹೊತ್ತಿನಲ್ಲಿ ದಟ್ಟವಾದ ನಾರುವ ಹೊಗೆಯನ್ನು ಕಾರುತ್ತವೆ. ಆಶ್ಚರ್ಯವೆಂದರೆ ಆಗಲೂ ಪರದೆಯಲ್ಲಿ ಅಕ್ಷರ ಅಲುಗದೆ ನಿಂತಿರಬಹುದು. ಹಳೆಯ ಯಂತ್ರವು ಮನೆಗೆ ಬಂದರೆ ಹಚ್ಚುವುದಕ್ಕೆ ಮೊದಲೇ ಇವನ್ನು ಬದಲಾಯಿಸಿಕೊಡುವಂತೆ ರಿಪೇರಿಯವರಿಗೆ ಹೇಳುವುದು ವಿವೇಕ.

ಈಗ ಗಣಕದ ಹಲಗೆಗೆ ಬರೋಣ. ಚಿತ್ರಕ್ಕೆ ಸಂಬಂಧಿಸಿದ ಐ.ಸಿ.ಗಳಲ್ಲಿ ಮುಖ್ಯವಾದವು ಮೂರು. ಬಯಲಾಟದ ಮೇಳದ ಹಾಗೆ ಇವಕ್ಕೆ ನಮ್ಮ ಮಕ್ಕಳು ಹೆಸರಿಟ್ಟಿದ್ದಾರೆ. ೬೮೪೫ ಎಂಬ ಅಂಕೆಯುಳ್ಳದ್ದು ‘ತಾಳಗಾರ’: ಸಾಲು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಮುಗಿಯಿತು ಎಂದು ತಾಳ ಹಾಕುವವನು ಇವನೇ. ಎಸ್.ಎ.ಎ. ೫೦೫೦ ಎಂಬುದು ‘ಲಿಪಿಕಾರ’: ಅಕ್ಷರಗಳ ಆಕಾರವು ಇವನ ಹೊಟ್ಟೆಯಲ್ಲಿ ಕಾರ್ಖಾನೆಯಲ್ಲಿಯೇ ಅಚ್ಚೊತ್ತಿದೆ. ವಿಡಿಯೋ ಯು.ಎಲ್.ಎ. ಎಂಬುದು ‘ಬಣ್ಣಗಾರ’: ಚುಕ್ಕೆಗಳಿಗೆ ಬಣ್ಣ ಬಳಿದು ಹೊರಗೆ ಕಳುಹಿಸುವವನು, ಮೂಲೆಯಲ್ಲಿ ಮಿಣುಕುವ ಗೆರೆಯನ್ನು ಎಳೆಯುವುದರಲ್ಲಿ ಇವನಿಗೆ ತಾಳಗಾರನ ಸಹಾಯವುಂಟು.

ಈ ಗಣಕವು ಚಿತ್ರವನ್ನು ತೋರಿಸುವುದರಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಬಗೆಗಳಿವೆ. ಅವಕ್ಕೆ ‘ಮೋಡ್’ ಎಂದು ಹೆಸರು. ಹಚ್ಚಿದೊಡನೆ ಬರುವುದು ಏಳನೆಯದು. ಲಿಪಿಕಾರನಿಗೆ ಕೆಲಸವಿರುವುದು ಈ ಏಳನೆಯದರಲ್ಲಿ ಮಾತ್ರ. ಉಳಿದ ಏಳರಲ್ಲಿ ಅಕ್ಷರವನ್ನು ಚುಕ್ಕೆ ಚುಕ್ಕೆಯಾಗಿ ಗಣಕವೇ ನೆನಪಿನಲ್ಲಿ ಬರೆದಿಟ್ಟು ಬಣ್ಣಗಾರನಿಗೆ ನೇರವಾಗಿ ಕೊಡುತ್ತದೆ. ಅಂದಮೇಲೆ ಪರೀಕ್ಷೆಯು ಸುಲಭವಾಯಿತು. ಪರದೆ ಕಾಣದಿದ್ದರೂ ಕುರುಡುಗೈಯಿಂದ ‘ಮೋಡ್ ೪’ ಎಂದು ಒತ್ತಿ ‘ರಿಟರ್ನ್’ ಗುಂಡಿಯನ್ನು ಅದುಮಬೇಕು. ಆ ಹುಡುಗಿಯೇ ಒತ್ತಿದಳು. ಪರದೆಯ ಮೇಲ್ತುದಿಯಲ್ಲಿ ಚೂಪಾದ ಬಾಣದ ಗುರುತು ಮೂಡಿತು. ‘ರಾಯದುರ್ಗ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದಾಗ ಒಂಬತ್ತು ಅಕ್ಷರಗಳೂ ಹಸುರಾಗಿ ನಿಂತವು. ತಾಳಗಾರನು ಸರಿ, ಬಣ್ಣಗಾರನು ಸರಿ. ದೋಷವು ಲಿಪಿಕಾರನಲ್ಲಿ, ಅಥವಾ ಅವನು ಕುಳಿತ ಸ್ಥಳದಲ್ಲಿ.

ಪ್ಲಗ್ಗು ಕಿತ್ತು, ಮುಚ್ಚಳ ತೆಗೆದು ನೋಡಿದೆವು. ಇಪ್ಪತ್ತೆಂಟು ಕಾಲುಗಳ ಜರಿಹುಳುವಿನಂತೆ ಅದು ಸಾಕೆಟ್ಟಿನಲ್ಲಿ ಕುಳಿತಿದ್ದಿತು. (ಎಲ್ಲ ಯಂತ್ರಗಳಲ್ಲಿಯೂ ಸಾಕೆಟ್ಟು ಇರುವುದೆಂಬ ನಿಯಮವಿಲ್ಲ; ಬೆಸುಗೆ ಹಾಕಿದ್ದರೆ ಕೀಳುವ ಸಾಹಸ ಬೇಡ.) ಕೈಯಿಂದ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಂಡು, ತೆಳುವಾದ ಸ್ಕ್ರೂಡ್ರೈವರಿನಿಂದ ಎರಡೂ ತುದಿಗಳನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತ ಬಂದರೆ ಕಾಲು ಮುರಿಯದೆ ಹೊರಬರುತ್ತದೆ. ಕಾಲುಗಳು ಬೆಳ್ಳಿಯ ಹಳೆಯ ಕುಂಕುಮದ ಭರಣಿಯಂತೆ ಕಪ್ಪಾಗಿದ್ದವು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತಲೆಯ ಕಡೆಯ ಕಚ್ಚು ಮೊದಲಿದ್ದ ದಿಕ್ಕಿಗೇ ಬರುವಂತೆ ಇಟ್ಟು, ಸಮನಾಗಿ ಒತ್ತಿ ಕೂರಿಸಿದೆವು. ಕಚ್ಚಿನ ದಿಕ್ಕು ತಿರುವುಮುರುವಾದರೆ ಲಿಪಿಕಾರನ ಕಥೆ ಅಲ್ಲಿಗೇ ಮುಗಿಯುತ್ತದೆ. ಹಚ್ಚಿದಾಗ ಗುರು, ಲಘು, ಮತ್ತು ಪರದೆಯ ತುಂಬ ಅಚ್ಚುಕಟ್ಟಾದ ಅಕ್ಷರಗಳು! ಗುಜರಿಯ ತಕ್ಕಡಿಗೆ ಹೋಗಬೇಕಾಗಿದ್ದ ಯಂತ್ರಕ್ಕೆ ಆದ ಖರ್ಚು ಒಂದು ಚಿಂದಿ ಬಟ್ಟೆ, ನಾಲ್ಕು ತೊಟ್ಟು ದ್ರವ.

ಎಲ್ಲ ರೋಗವೂ ಇಷ್ಟು ಸೌಮ್ಯವಾಗಿರುವುದಿಲ್ಲ. ಬಣ್ಣಗಾರನು ಬಹಳ ಬಿಸಿಯಾಗುವ ಸ್ವಭಾವದವನು. ಮೊದಮೊದಲ ಯಂತ್ರಗಳಲ್ಲಿ ಅವನ ಬೆನ್ನಿಗೆ ತಂಪು ಮಾಡುವ ಲೋಹದ ತಗಡನ್ನೇ ಅಂಟಿಸಿದ್ದರು. ಹಚ್ಚಿದ ಹತ್ತು ನಿಮಿಷದ ಮೇಲೆ ಪರದೆಯಲ್ಲಿ ಚುಕ್ಕೆಗಳು ಎಳ್ಳು ಸಿಡಿದಂತೆ ಸಿಡಿಯತೊಡಗಿದರೆ ಅವನ ಕಡೆಗೆ ನೋಡಬೇಕು. ಎಲ್ಲ ಮೋಡ್‌ಗಳಲ್ಲಿಯೂ ಚಿತ್ರವು ಹರಿದು ಉರುಳುತ್ತಿದ್ದು ಬೇರೊಂದು ಮಾನಿಟರಿನಲ್ಲಿಯೂ ಹಾಗೆಯೇ ಇದ್ದರೆ ತಾಳಗಾರನು ತಪ್ಪಿದ್ದಾನೆ. ಇದೆಲ್ಲಕ್ಕೂ ಮುನ್ನ, ಪವರ್ ಸಪ್ಲೈಯಿಂದ ಹಲಗೆಗೆ ಬರುವ ಐದು ವೋಲ್ಟನ್ನು ಮಲ್ಟಿಮೀಟರಿನಿಂದ ಅಳೆದು ನೋಡುವುದು ಒಳ್ಳೆಯದು. ೪.೭೫ಕ್ಕಿಂತ ಕೆಳಗಿಳಿದಿದ್ದರೆ ಯಾವ ಐ.ಸಿ.ಯನ್ನೂ ದೂರುವ ಹಕ್ಕು ನಮಗಿಲ್ಲ. ಹಸಿದವನು ತಪ್ಪು ಲೆಕ್ಕ ಮಾಡಿದಂತೆ ಅವೆಲ್ಲವೂ ತಪ್ಪು ಮಾಡುತ್ತವೆ.

ವ್ಯಾಕರಣ ಬಲ್ಲವನಿಗೆ ಎಲ್ಲಕ್ಕಿಂತ ರುಚಿಸುವ ದೋಷವೊಂದಿದೆ. ಅದು ನೆನಪಿನ ದೋಷ. ಯಂತ್ರದೊಳಗೆ ಅಕ್ಷರವೆಂಬುದು ಒಂದು ಸಂಖ್ಯೆ. ಇಂಗ್ಲಿಷಿನ ‘ಎ’ ಎಂದರೆ ೬೫, ‘ಬಿ’ ೬೬, ‘ಸಿ’ ೬೭. ಈ ಸಂಖ್ಯೆಯನ್ನು ಎಂಟು ಮನೆಗಳಲ್ಲಿ ಹಂಚಿ ಇಡುತ್ತಾರೆ. ಒಂದೊಂದು ಮನೆಗೆ ಒಂದೊಂದು ಐ.ಸಿ. ಕಾವಲು. ಒಂದರ ಮನೆ, ಎರಡರ ಮನೆ, ನಾಲ್ಕರ ಮನೆ, ಹೀಗೆ ಇಮ್ಮಡಿಸುತ್ತ ಹೋಗುತ್ತದೆ. ಎರಡರ ಮನೆಯ ಕಾವಲುಗಾರನು ಕೆಟ್ಟು, ಇರಲಿ ಇಲ್ಲದಿರಲಿ ಸದಾ ‘ಇದೆ’ ಎನ್ನುತ್ತಾನೆಂದು ಭಾವಿಸಿ. ಆಗ ‘ಎ’ ಎಂಬುದು ೬೭ ಆಗಿ ‘ಸಿ’ ಎಂದು ಕಾಣುತ್ತದೆ. ‘ಡಿ’ಯು ‘ಎಫ್’ ಆಗುತ್ತದೆ. ‘ಬಿ’, ‘ಸಿ’ಗಳಲ್ಲಿ ಎರಡರ ಮನೆಯು ಮೊದಲೇ ತುಂಬಿರುವುದರಿಂದ ಅವು ಬದಲಾಗವು. ಹೀಗಾಗಿ ಪರದೆಯ ಮೊದಲ ಪಂಕ್ತಿಯಲ್ಲಿ ‘ಬಿಬಿಸಿ’ ಎಂಬುದು ನೆಟ್ಟಗಿದ್ದು ಅದರ ಮುಂದಿನ ‘ಕಂಪ್ಯೂಟರ್’ ಎಂಬುದು ಮಾತ್ರ ಓದಲು ಬಾರದಂತೆ ಕೆಟ್ಟಿರುತ್ತದೆ! ಖಾಲಿ ಜಾಗದ ಸಂಖ್ಯೆ ೩೨. ಅದು ೩೪ ಆಗಿ, ಬರಿದಾಗಿರಬೇಕಾದ ಪರದೆಯೆಲ್ಲ ಉದ್ಧರಣ ಚಿಹ್ನೆಗಳಿಂದ ತುಂಬುತ್ತದೆ.

ನೋಡುವವರಿಗೆ ಇದು ಹುಚ್ಚು. ಆದರೆ ಇದು ಬೆಟ್ಟ-ತಾವರೆಗಳು ಕೂಡಿ ಬೆಟ್ಟದಾವರೆಯಾದಂತೆ ನಿಯಮವುಳ್ಳ ಬದಲಾವಣೆ, ಒಂದು ಬಗೆಯ ಆದೇಶಸಂಧಿ. ಯಾವ ಅಕ್ಷರ ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬ ಎರಡು ಪಟ್ಟಿಗಳನ್ನು ಬರೆದರೆ ಕೆಟ್ಟ ಮನೆ ಯಾವುದೆಂದು ಕಾಗದದ ಮೇಲೆಯೇ ತಿಳಿಯುತ್ತದೆ. ತಪ್ಪಿಗೆ ನಿಯಮವಿದ್ದರೆ ಕಾರಣ ಒಂದೇ. ಗಳಿಗೆಗೊಂದು ಬಗೆಯ ತಪ್ಪಾಗುತ್ತಿದ್ದರೆ ಲೂಸ್ ಕಾಂಟ್ಯಾಕ್ಟನ್ನೋ ವೋಲ್ಟೇಜಿನ ಕೊರತೆಯನ್ನೋ ಹುಡುಕಬೇಕು. ಈ ಭೇದವನ್ನು ನಾನು ನನ್ನ ತರಗತಿಯಲ್ಲಿ ಸಂಧಿಪ್ರಕರಣದ ಜೊತೆಯಲ್ಲಿಯೇ ಹೇಳಿದೆ. ಅಂದಿನಿಂದ ಸಂಧಿಯ ಪಾಠಕ್ಕೂ ಒಂದು ಬೆಲೆ ಬಂದಿದೆ.

ಇನ್ನು ಕನ್ನಡ ಅಕ್ಷರದ ಮಾತು. ಯಂತ್ರವು ಸರಿಹೋದ ದಿನವೇ ಮಕ್ಕಳು ಕೇಳಿದರು: “ಇದರಲ್ಲಿ ಕನ್ನಡ ಯಾಕೆ ಬರಲ್ಲ ಸಾರ್, ಇದೂ ಕೆಟ್ಟಿದೆಯಾ?” ಏಳನೆಯ ಮೋಡಿನಲ್ಲಿ ಬರಲಾರದು, ಲಿಪಿಕಾರನಿಗೆ ಕಾರ್ಖಾನೆಯವರು ರೋಮನ್ ಲಿಪಿಯನ್ನೇ ಕಲಿಸಿ ಬಾಯಿ ಹೊಲಿದಿದ್ದಾರೆ. ನಾಲ್ಕನೆಯ ಮೋಡಿನಲ್ಲಿ ಬರುತ್ತದೆ. ‘ವಿ.ಡಿ.ಯು. ೨೩’ ಎಂಬ ಅಪ್ಪಣೆಯಿಂದ ಎಂಟು ಮನೆ ಅಗಲ, ಎಂಟು ಮನೆ ಎತ್ತರದ ಚೌಕದಲ್ಲಿ ನಮಗೆ ಬೇಕಾದ ಆಕಾರವನ್ನು ಚುಕ್ಕೆಯಿಟ್ಟು ಬರೆಯಬಹುದು. ನಮ್ಮ ಮಕ್ಕಳು ಮೊದಲು ಬರೆದದ್ದು ಸೊನ್ನೆಯನ್ನು. ಅದರ ಎಂಟು ಸಾಲುಗಳ ಲೆಕ್ಕ ೦, ೬೦, ೬೬, ೬೬, ೬೬, ೬೬, ೬೦, ೦. ನಡುವಿನ ಎರಡು ೬೬ಗಳನ್ನು ೯೦ ಮಾಡಿದರೆ ಒಳಗೆ ಚುಕ್ಕೆ ಬಂದು, ತಲೆಕಟ್ಟಿಲ್ಲದ ‘ಠ’ಕಾರಕ್ಕೆ ಹತ್ತಿರವಾಗುತ್ತದೆ. ಅಂಗಳದಲ್ಲಿ ಚುಕ್ಕೆಯ ರಂಗೋಲಿ ಹಾಕಿ ಬಲ್ಲ ಹೆಣ್ಣುಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭವಾಯಿತು. ಹುಡುಗರು ಹಿಂದೆ ಬಿದ್ದರು. ‘ಕ್ಷ’ಕಾರಕ್ಕೆ ಒಂದು ಚೌಕ ಸಾಲದು, ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಚೌಕ ಬೇಕು. ನಮ್ಮ ಲಿಪಿಗೆ ಎಡೆ ಹೆಚ್ಚು ಬೇಕು ಎಂಬುದನ್ನು ಅವರು ಪುಸ್ತಕದಿಂದಲ್ಲ, ಬೆರಳಿನಿಂದ ಕಲಿತರು.

ತಮ್ಮ ಮನೆಗಳಲ್ಲಿ ಈ ಹಳೆಯ ಯಂತ್ರವಿಲ್ಲ. ಫೋನೂ ಶಾಲೆಯ ಕಚೇರಿಯ ಕಂಪ್ಯೂಟರೂ ಇವೆ. ಅಲ್ಲಿಯೂ ಕನ್ನಡ ಕೆಟ್ಟು ಕಾಣುವುದುಂಟು. ಆಗಲೂ ಕೇಳಬೇಕಾದ ಪ್ರಶ್ನೆ ಅದೇ: ದೋಷವೆಲ್ಲಿ? ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಬರೆಹ ಸರಿಯಾಗಿಯೇ ಬಂದಿದೆ, ಅದನ್ನು ತೋರಿಸುವ ಫಾಂಟು ಇಲ್ಲ. ‘ಅಮ್ಮ’ ಎಂಬಲ್ಲಿ ಒತ್ತು ಬಿಡಿಯಾಗಿ ಮುಂದೆ ನಿಂತಿದ್ದರೆ ಫಾಂಟಿದೆ, ಅಕ್ಷರಗಳನ್ನು ಕೂಡಿಸುವ ತಂತ್ರವಿಲ್ಲ. ಕಡತವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಂಡರೆ ಅದು ಪ್ರಾಯಶಃ ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆದುದು. ಆ ಫಾಂಟನ್ನು ಹಾಕಿಕೊಂಡರೆ ಓದಬಹುದು, ಯೂನಿಕೋಡಿಗೆ ಪರಿವರ್ತಿಸಿದರೆ ಇನ್ನೂ ಒಳ್ಳೆಯದು. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆತಿದೆ. ಮದುವೆಯ ಲಗ್ನಪತ್ರಿಕೆ ಹೀಗೆ ಕೆಟ್ಟು ಕಂಡಾಗ ಅನೇಕರು “ಕನ್ನಡದಲ್ಲಿ ಬೇಡ, ಇಂಗ್ಲಿಷಿನಲ್ಲೇ ಹಾಕಿಸಿಬಿಡಿ” ಎನ್ನುವುದನ್ನು ನಾನು ಕೇಳಿದ್ದೇನೆ. ಲೇಪವಳಿದ ಪರದೆಗೂ ಕಪ್ಪಾದ ಕಾಲಿಗೂ ಭೇದವೆಣಿಸದೆ ಯಂತ್ರವನ್ನೇ ಗುಜರಿಗೆ ಹಾಕಿದಂತಾಯಿತು ಅದು.

ಯಂತ್ರವನ್ನು ಪಕ್ಕದ ಕೊಠಡಿಯಲ್ಲಿ ಇರಿಸಿದ್ದೇವೆ. ಆ ಹುಡುಗಿಯೂ ಅವಳ ಜೊತೆಯ ಮೂವರೂ ಸಂಜೆ ಏಳರವರೆಗೆ ಅಲ್ಲಿರುತ್ತಾರೆ. ಬೇಕೆಂದೇ ಒಂದು ದೋಷವನ್ನು ಮಾಡಿಟ್ಟಿದ್ದಾರೆ. ಅದು ಪರದೆಯದೋ, ತಂತಿಯದೋ, ಗಣಕದ್ದೋ ಎಂದು ತಾವು ಪ್ರಶ್ನೆ ಕೇಳಿ ಕಂಡುಹಿಡಿಯಬೇಕು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾರಂತೆ. ಒಳಗೆ ಹೋಗುವವರು ಬಾಗಿಲಲ್ಲಿ ಒಂದು ಗಳಿಗೆ ನಿಂತು ಎರಡು ದನಿಗಳನ್ನು ಕೇಳಿಸಿಕೊಳ್ಳಿ. ಮಾನಿಟರಿನ ಹಿಂದೆ ಯಾರೂ ಕೈ ಹಾಕಬೇಡಿ.